ಓದು ಮೊದಲೋ, ಕಸುಬು ಮೊದಲೋ, ಎರಡೂ ಒಟ್ಟಿಗೋ: ವಯಸ್ಕರ ತರಗತಿಗೆ ಮಾದರಿ ಆರಿಸುವ ಬಗೆ

ಮೇಜಿನ ಮೇಲೆ ಒಂದು ದೊಡ್ಡ ಬಕೆಟ್, ಅಳತೆಯ ಲೋಟ, ನೆಲ ಒರೆಸುವ ದ್ರಾವಣದ ಡಬ್ಬಿ. ಡಬ್ಬಿಯ ಚೀಟಿಯಲ್ಲಿ ‘1:40’ ಎಂದಿತ್ತು. ಸ್ವಚ್ಛತಾ ಕೆಲಸದ ತರಬೇತಿಗೆ ಬಂದಿದ್ದ ಹದಿನಾಲ್ಕು ಮಂದಿಯ ಮುಂದೆ ನಾವಿಬ್ಬರು ಬೋಧಕರು ನಿಂತಿದ್ದೆವು. ನಾನು ಭಾಷೆ, ಲೆಕ್ಕ ಕಲಿಸುವವಳು. ನನ್ನ ಜೊತೆಗಿದ್ದವರು ಬಹಳ ವರ್ಷ ಆಸ್ಪತ್ರೆಯ ಶುಚಿತ್ವದ ಉಸ್ತುವಾರಿ ನೋಡಿಕೊಂಡವರು. ನಾನು ಹಲಗೆಯ ಮೇಲೆ ಬರೆದೆ: ದ್ರಾವಣ ಒಂದು ಪಾಲು, ನೀರು ನಲವತ್ತು ಪಾಲು, ಒಟ್ಟು ನಲವತ್ತೊಂದು. ಐದು ಲೀಟರನ್ನು ನಲವತ್ತೊಂದರಿಂದ ಭಾಗಿಸಿದರೆ ಸುಮಾರು 122 ಮಿಲಿಲೀಟರ್. ಅಷ್ಟರಲ್ಲಿ ಅವರು ಬಕೆಟ್‌ಗೆ ಐದು ಲೀಟರ್ ನೀರು ಹಿಡಿದು, ಲೋಟದಲ್ಲಿ 125ರ ಗೆರೆಯವರೆಗೆ ದ್ರಾವಣ ಅಳೆದು ಸುರಿದೇಬಿಟ್ಟಿದ್ದರು.

‘ಟೀಚರ್, ಇಬ್ಬರಲ್ಲಿ ಯಾರದು ಸರಿ?’ ಎಂದು ಹಿಂದಿನ ಸಾಲಿನ ಹೆಂಗಸೊಬ್ಬರು ಕೇಳಿದರು.

ಇಬ್ಬರದೂ ಸರಿಯಾಗಿತ್ತು. ಅವರು ಐದು ಲೀಟರ್ ನೀರಿಗೆ ದ್ರಾವಣ ಸೇರಿಸಿದ್ದರು. ನಾನು ಎರಡೂ ಸೇರಿ ಐದು ಲೀಟರ್ ಆಗಬೇಕೆಂದು ಲೆಕ್ಕ ಹಾಕಿದ್ದೆ. ಬಕೆಟ್‌ನಲ್ಲಿ ಜಾಗವಿದೆ, ಆದ್ದರಿಂದ ಅವರ ದಾರಿಯೇ ಸುಲಭ. ಆದರೆ 1:4 ಎಂದು ಬರೆದಿರುವ ದ್ರಾವಣವನ್ನು ಒಂದು ಲೀಟರಿನ ಸಿಂಪಡಿಸುವ ಬಾಟಲಿಯಲ್ಲಿ ಕಲೆಸಬೇಕಾದರೆ? ಬಾಟಲಿ ತುಂಬ ನೀರು ಹಿಡಿದು ಅದರ ಮೇಲೆ 250 ಮಿಲಿಲೀಟರ್ ಸುರಿಯಲು ಹೋದರೆ ಉಕ್ಕಿ ಹರಿಯುತ್ತದೆ. ಅಲ್ಲಿ ಐದು ಪಾಲು ಮಾಡಿ, 800 ನೀರಿಗೆ 200 ದ್ರಾವಣ ಎನ್ನಬೇಕು. ಆ ಹೆಂಗಸು ಸ್ವಲ್ಪ ಯೋಚಿಸಿ, ‘ಹಾಗಾದರೆ ಬಕೆಟ್‌ಗೆ ಅವರ ಲೆಕ್ಕ, ಬಾಟಲಿಗೆ ನಿಮ್ಮ ಲೆಕ್ಕ’ ಎಂದರು. ಅನುಪಾತದ ಪಾಠವನ್ನು ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಮುಗಿಸಿಲ್ಲ.

ಓದು ಮತ್ತು ಕಸುಬನ್ನು ಒಂದೇ ತರಗತಿಯಲ್ಲಿ ಬೆಸೆಯಬೇಕೆಂದು ಹೊರಟವರಿಗೆ ಇಂಥ ಗಳಿಗೆಯೇ ಆಸೆ ಹುಟ್ಟಿಸುವುದು. ಆದರೆ ಬೆಸೆಯುವುದಕ್ಕೆ ಒಂದೇ ದಾರಿಯಿಲ್ಲ. ಎಲ್ಲ ದಾರಿಯೂ ಎಲ್ಲರಿಗೂ ಹೊಂದುವುದಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇಬ್ಬರು ಬೋಧಕರು ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಪಾಠ ಕಟ್ಟಲು ಸಂಬಳದ ಸಮಯ ಕೊಡಬಲ್ಲಿರಾದರೆ ಜೋಡಿ ಬೋಧನೆಯನ್ನು ಆರಿಸಿ. ಕೊಡಲಾಗದಿದ್ದರೆ ಅದರ ಗೊಡವೆಗೆ ಹೋಗದೆ, ಓದಿನ ತರಗತಿಯೊಳಕ್ಕೆ ಕಸುಬಿನ ಕಾಗದಪತ್ರಗಳನ್ನು ತನ್ನಿ. ಹಣ, ಕೋಣೆ, ಪಠ್ಯಪುಸ್ತಕ ಎಲ್ಲವೂ ಇದರ ನಂತರದ ಪ್ರಶ್ನೆಗಳು.

ಮೊದಲು ಓದು, ಆಮೇಲೆ ಕಸುಬು

ಇದು ಎಲ್ಲರಿಗೂ ಗೊತ್ತಿರುವ ಹಳೆಯ ಕ್ರಮ. ಮೊದಲು ಅಕ್ಷರ, ವಾಕ್ಯ, ನಾಲ್ಕು ಮೂಲಕ್ರಿಯೆಗಳು. ಒಂದು ಪರೀಕ್ಷೆ ಪಾಸಾದ ಮೇಲೆ ತರಬೇತಿಗೆ ಪ್ರವೇಶ. ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ತಳಪಾಯ ಹಾಕಿ ಗೋಡೆ ಕಟ್ಟಿದಂತೆ. ಆದರೆ ವಯಸ್ಕರು ತರಗತಿಗೆ ಬರುವುದು ದಿನದ ದುಡಿಮೆ ಮುಗಿಸಿ, ಮಕ್ಕಳನ್ನು ಯಾರ ಬಳಿಯೋ ಬಿಟ್ಟು. ಆರು ತಿಂಗಳು ಭಿನ್ನರಾಶಿ ಮಾಡಿದ ಮೇಲೂ ತಾನು ಬಂದ ಕೆಲಸದ ಸುಳಿವೇ ಕಾಣದಿದ್ದರೆ ಅವರು ಜಗಳ ಮಾಡುವುದಿಲ್ಲ, ದೂರು ಕೊಡುವುದಿಲ್ಲ. ಒಂದು ಸೋಮವಾರದಿಂದ ಬರುವುದನ್ನು ನಿಲ್ಲಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಸಾಲು ಸಾಲು ಗೈರಾಗಿ ಕಾಣುತ್ತದೆ. ಎಷ್ಟೋ ಸಲ ಆ ಗೈರನ್ನು ‘ಆಸಕ್ತಿಯಿಲ್ಲ’ ಎಂದು ಓದಿಬಿಡುತ್ತೇವೆ. ಅದು ಅನ್ಯಾಯ.

ಹಾಗೆಂದು ಈ ಕ್ರಮವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಅಕ್ಷರದ ಗುರುತೇ ಇಲ್ಲದವರಿಗೆ ಮೊದಲ ಕೆಲವು ವಾರ ಶಾಂತವಾದ, ಯಾರ ಮುಂದೆಯೂ ನಾಚಬೇಕಿಲ್ಲದ ಪ್ರತ್ಯೇಕ ತರಗತಿ ಬೇಕು. ಪರವಾನಗಿ ಪರೀಕ್ಷೆಗೆ ಇಂತಿಷ್ಟು ಶಾಲಾ ವಿದ್ಯಾಭ್ಯಾಸ ಕಡ್ಡಾಯವೆಂಬ ನಿಯಮವಿರುವ ಕಸುಬುಗಳಲ್ಲಿ ಬೇರೆ ದಾರಿಯೂ ಇರುವುದಿಲ್ಲ.

ಎರಡೂ ಇವೆ, ಆದರೆ ಬೇರೆ ಬೇರೆ ಕೋಣೆಯಲ್ಲಿ

ಬೆಳಿಗ್ಗೆ ಭಾಷೆ ಮತ್ತು ಲೆಕ್ಕ, ಮಧ್ಯಾಹ್ನ ತರಬೇತಿ. ಕಲಿಯುವವರು ಎರಡೂ ಕಡೆ ಹೋಗುತ್ತಾರೆ, ಬೋಧಕರು ಮಾತ್ರ ಒಬ್ಬರನ್ನೊಬ್ಬರು ನೋಡಿಯೇ ಇರುವುದಿಲ್ಲ. ವೇಳಾಪಟ್ಟಿ ಹಾಕುವುದು ಸುಲಭ ಎಂಬುದು ಇದರ ಲಾಭ. ಬೆಸೆಯುವ ಹೊರೆ ಮಾತ್ರ ಪೂರ್ತಿ ಕಲಿಯುವವರ ತಲೆಯ ಮೇಲೆ ಬೀಳುತ್ತದೆ. ಬೆಳಿಗ್ಗೆ ಕಲಿತ ಶೇಕಡಾ ಲೆಕ್ಕ ಮಧ್ಯಾಹ್ನದ ಡಬ್ಬಿಯ ಚೀಟಿಯಲ್ಲೂ ಇದೆ ಎಂದು ಅವರೇ ಕಂಡುಕೊಳ್ಳಬೇಕು. ಓದಿನಲ್ಲಿ ಮುಂದಿರುವವರು ಕಂಡುಕೊಳ್ಳುತ್ತಾರೆ; ಯಾರಿಗಾಗಿ ಈ ಏರ್ಪಾಡೋ ಅವರು ಕಂಡುಕೊಳ್ಳುವುದಿಲ್ಲ. ಮುಂದೆ ಜೋಡಿ ಬೋಧನೆಗೆ ಹೋಗುವ ಉದ್ದೇಶವಿದ್ದರೆ ಒಂದು ಅವಧಿಯ ಮಟ್ಟಿಗೆ ಇದು ನಡೆದೀತು.

ಓದಿನ ತರಗತಿಯೊಳಗೇ ಕಸುಬು

ಇಲ್ಲಿ ಇರುವುದು ಓದಿನ ಬೋಧಕರು ಒಬ್ಬರೇ. ಅವರು ಕಲಿಸುವುದೂ ಓದು, ಬರಹ, ಲೆಕ್ಕವನ್ನೇ. ಆದರೆ ಓದುವ ಪಠ್ಯ ಸುರಕ್ಷತೆಯ ಸೂಚನೆ, ಬರೆಯುವ ಬರಹ ಪಾಳಿಯ ವರದಿ, ಮಾಡುವ ಲೆಕ್ಕ ಗೋದಾಮಿನ ದಾಸ್ತಾನು. ಕಸುಬನ್ನು ಇಲ್ಲಿ ಕಲಿಸುವುದಿಲ್ಲ. ಕಸುಬಿನ ತರಬೇತಿಗೆ ಹೋಗಲು ಬೇಕಾದ ಓದನ್ನು ಆ ಕಸುಬಿನ ಮಾತಿನಲ್ಲೇ ಕಲಿಸುತ್ತಾರೆ.

ಇದರ ಪರವಾಗಿ ಗಟ್ಟಿಯಾದ ಆಧಾರವಿದೆ. 1970ರ ದಶಕದ ಮೊದಲಲ್ಲಿ ಅಮೆರಿಕದ ಸೇನೆಯಲ್ಲಿ ಥಾಮಸ್ ಸ್ಟಿಕ್ಟ್ ಮತ್ತು ಅವರ ಜೊತೆಗಾರರು ಓದಿನಲ್ಲಿ ಹಿಂದಿದ್ದ ಸೈನಿಕರಿಗೆ ಅವರವರ ಕೆಲಸದ ಕೈಪಿಡಿಗಳನ್ನೇ ಪಠ್ಯವಾಗಿಸಿ ಪಾಠ ಮಾಡಿಸಿದರು. ಕೆಲಸಕ್ಕೆ ಸಂಬಂಧಿಸಿದ ಓದಿನಲ್ಲಿ ಅವರು ಕಂಡ ಪ್ರಗತಿ ಸಾಮಾನ್ಯ ಓದಿನಲ್ಲಿ ಕಂಡದ್ದಕ್ಕಿಂತ ಬಹಳ ಹೆಚ್ಚಿತ್ತು. ನ್ಯೂಯಾರ್ಕ್‌ನ ಲಾಗಾರ್ಡಿಯಾ ಸಮುದಾಯ ಕಾಲೇಜಿನಲ್ಲಿ, ಪ್ರೌಢಶಾಲೆಗೆ ಸಮಾನವಾದ ಪರೀಕ್ಷೆಗೆ ಕೂರುವ ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಆರೋಗ್ಯ ಅಥವಾ ವ್ಯವಹಾರ ಕ್ಷೇತ್ರದ ವಿಷಯವನ್ನು ಹೆಣೆದ ತರಗತಿಗೆ ಹೋದವರಲ್ಲಿ ನೂರಕ್ಕೆ ಸುಮಾರು 53 ಮಂದಿ ಆ ಪರೀಕ್ಷೆ ಪಾಸಾದರು. ಮಾಮೂಲಿ ತಯಾರಿ ತರಗತಿಗೆ ಹೋದವರಲ್ಲಿ ಪಾಸಾದದ್ದು ಸುಮಾರು 22 ಮಂದಿ. ಈ ಅಂತರವನ್ನು ನೋಡಿ ಹಿಗ್ಗುವ ಮೊದಲು ಒಂದು ಮಾತು ನೆನಪಿರಲಿ. ಆ ತರಗತಿಯಲ್ಲಿ ಬದಲಾದದ್ದು ಪಠ್ಯ ಮಾತ್ರವಲ್ಲ. ಪಾಠದ ಗಂಟೆಗಳು ಹೆಚ್ಚಿದ್ದವು, ದಾರಿ ತೋರಿಸುವ ಸಲಹೆಗಾರರಿದ್ದರು. ಗಂಟೆಯನ್ನೂ ಸಲಹೆಯನ್ನೂ ಬಿಟ್ಟು, ಪುಸ್ತಕದ ಉದಾಹರಣೆಗಳನ್ನಷ್ಟೇ ಬದಲಿಸಿದರೆ ಅದೇ ಫಲ ಬರುತ್ತದೆಂದು ಯಾರಿಗೂ ಮಾತು ಕೊಡಬೇಡಿ.

ಈ ಮಾದರಿಯಲ್ಲಿ ಜಾರುವ ಜಾಗ ಒಂದೇ: ಬೋಧಕರಿಗೆ ಕಸುಬು ಗೊತ್ತಿರುವುದಿಲ್ಲ. ಹಾಗಾಗಿ ಕಸುಬಿನ ಹೆಸರು ಹೊತ್ತ ಕೃತಕ ಲೆಕ್ಕಗಳು ಹುಟ್ಟಿಕೊಳ್ಳುತ್ತವೆ. ‘ಒಬ್ಬ ಬಡಗಿಯ ಬಳಿ ಹನ್ನೆರಡು ಹಲಗೆಗಳಿವೆ, ಐದನ್ನು ಮಾರಿದರೆ ಎಷ್ಟು ಉಳಿಯುತ್ತವೆ’ ಎಂಬುದು ಬಡಗಿ ಕೆಲಸದ ಲೆಕ್ಕವಲ್ಲ. ಹಲಗೆ ಕೊಯ್ಯುವಾಗ ಗರಗಸದ ಬಾಯಿಗೆ ಹೋಗುವ ಮರವನ್ನೂ ಎಣಿಸಬೇಕು ಎಂಬುದು ಬಡಗಿ ಕೆಲಸದ ಲೆಕ್ಕ: ಒಂದೊಂದು ಕೊಯ್ತಕ್ಕೆ ಮೂರು ಮಿಲಿಮೀಟರ್ ಹೋದರೂ ಹತ್ತು ಕೊಯ್ತಕ್ಕೆ ಮೂರು ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಈ ವ್ಯತ್ಯಾಸ ತಿಳಿಯಬೇಕಾದರೆ ಬೋಧಕರು ತಿಂಗಳಿಗೆ ಒಂದೆರಡು ದಿನವಾದರೂ ಕೆಲಸದ ಜಾಗದಲ್ಲಿ ನಿಂತು ನೋಡಬೇಕು, ಅಲ್ಲಿನ ನಿಜವಾದ ಚೀಟಿ, ನಮೂನೆ, ಫಲಕಗಳನ್ನು ಹೊತ್ತು ತರಬೇಕು.

ಒಂದೇ ಕೋಣೆ, ಇಬ್ಬರು ಬೋಧಕರು

ಎಲ್ಲರೂ ಮೆಚ್ಚುವ, ಆದರೆ ಅತಿ ಹೆಚ್ಚು ಕೆಡುವ ಮಾದರಿ ಇದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಲ್ಲಿ ಹತ್ತು ಕಾಲೇಜುಗಳಲ್ಲಿ ಪ್ರಯೋಗವಾಗಿ ಶುರುವಾದ ‘ಐ-ಬೆಸ್ಟ್’ ಇದರ ಪ್ರಸಿದ್ಧ ರೂಪ. ಅಲ್ಲಿ ಮೂಲಶಿಕ್ಷಣದ ಬೋಧಕರೂ ವೃತ್ತಿಯ ಬೋಧಕರೂ ತರಗತಿಯ ಕನಿಷ್ಠ ಅರ್ಧ ಸಮಯ ಒಟ್ಟಿಗೆ ಇರಬೇಕೆಂದು ನಿಯಮ ಮಾಡಿದರು. ಇಬ್ಬರಿಗೆ ಸಂಬಳ ಕೊಡಬೇಕಲ್ಲ, ಅದಕ್ಕಾಗಿ ಈ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಅನುದಾನದ ಲೆಕ್ಕದಲ್ಲಿ 1.75 ವಿದ್ಯಾರ್ಥಿ ಎಂದು ಪರಿಗಣಿಸಿದರು. ಜೋಡಿ ಬೋಧನೆಯ ಬಗ್ಗೆ ಬರೆಯುವವರು ಕೋಣೆಯೊಳಗಿನ ಸೊಬಗನ್ನು ವರ್ಣಿಸುತ್ತಾರೆ, ಈ 1.75ನ್ನು ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ ಅಂಕಿ. ಖರ್ಚು ಹೆಚ್ಚು ಎಂದು ಮೊದಲೇ ಒಪ್ಪಿಕೊಂಡು, ಅದಕ್ಕೆ ದಾರಿ ಮಾಡಿಯೇ ಅವರು ಇದನ್ನು ವಿಸ್ತರಿಸಿದ್ದು. 2014ರಲ್ಲಿ ಬಂದ ಅಮೆರಿಕದ ಉದ್ಯೋಗ ಕಾನೂನು ಇಂಥ ತರಗತಿಗೆ ವ್ಯಾಖ್ಯೆಯನ್ನೇ ಕೊಟ್ಟಿತು: ಓದು, ಉದ್ಯೋಗಕ್ಕೆ ಬೇಕಾದ ಸಿದ್ಧತೆ ಮತ್ತು ವೃತ್ತಿ ತರಬೇತಿ ಮೂರೂ ಏಕಕಾಲಕ್ಕೆ, ಒಂದೇ ಗುರಿಗಳ ಅಡಿಯಲ್ಲಿ ನಡೆಯಬೇಕು.

ಫಲ ಹೇಗಿದೆ? ಐ-ಬೆಸ್ಟ್ ತರಗತಿಗಳಲ್ಲಿ ಕಲಿತವರು ಕಾಲೇಜಿನ ಪಾಠ ಮುಗಿಸಿದ್ದಕ್ಕೆ ಸಿಗುವ ಕ್ರೆಡಿಟ್‌ಗಳನ್ನು ಹೆಚ್ಚು ಗಳಿಸಿದರು, ಪ್ರಮಾಣಪತ್ರ ಪಡೆದವರ ಸಂಖ್ಯೆಯೂ ಹೆಚ್ಚಿತು. ಸಂಬಳ ಏರಿತೇ ಎಂಬ ಪ್ರಶ್ನೆಗೆ ಅಷ್ಟು ನಿಚ್ಚಳವಾದ ಉತ್ತರ ಸಿಕ್ಕಿಲ್ಲ. ಸಂಬಳ ತರಗತಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಆ ಪ್ರಮಾಣಪತ್ರಕ್ಕೆ ಕೆಲಸ ಕೊಡುವವರು ಎಷ್ಟು ಬೆಲೆ ಕೊಡುತ್ತಾರೆ ಎಂಬುದರ ಮೇಲೂ ನಿಂತಿದೆ. ಹಾಗಾಗಿ ಕಸುಬನ್ನು ಆರಿಸುವಾಗಲೇ ಕೆಲಸ ಕೊಡುವ ನಾಲ್ಕಾರು ಕಡೆ ಹೋಗಿ, ‘ಈ ಪ್ರಮಾಣಪತ್ರ ಇದ್ದವರಿಗೂ ಇಲ್ಲದವರಿಗೂ ನೀವು ಏನು ವ್ಯತ್ಯಾಸ ಮಾಡುತ್ತೀರಿ’ ಎಂದು ನೇರವಾಗಿ ಕೇಳಬೇಕು.

ಕೋಣೆಯೊಳಗೆ ಇದು ಹೇಗೆ ನಡೆಯುತ್ತದೆಂದು ಇನ್ನೊಂದು ಉದಾಹರಣೆ ಕೊಡುತ್ತೇನೆ. ವೃದ್ಧರ ಆರೈಕೆಯ ತರಬೇತಿಯಲ್ಲಿ ಪಾಳಿ ಮುಗಿಸುವಾಗ ವರದಿ ಬರೆಯುವ ಅಭ್ಯಾಸ. ಒಬ್ಬರು ಬರೆದರು: ‘ಅಜ್ಜ ಚೆನ್ನಾಗಿದ್ದಾರೆ. ಊಟ ಮಾಡಿದರು.’ ನಾನಾಗಿದ್ದರೆ ಕಾಗುಣಿತ ಸರಿಯಿದೆ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಆರೈಕೆಯ ಬೋಧಕಿ ಹಾಳೆಯನ್ನು ಕೈಗೆತ್ತಿಕೊಂಡು, ‘ಚೆನ್ನಾಗಿದ್ದಾರೆ ಎನ್ನುವುದು ನಿಮಗೆ ಅನಿಸಿದ್ದು. ಮುಂದಿನ ಪಾಳಿಯವರಿಗೆ ಬೇಕಾದದ್ದು ನೀವು ಕಂಡದ್ದು’ ಎಂದರು. ಆಗ ನನ್ನ ಕೆಲಸ ಶುರುವಾಯಿತು: ಹೊತ್ತು ಎಲ್ಲಿ ಬರೆಯಬೇಕು, ಎಷ್ಟು ಎಂಬುದನ್ನು ಹೇಗೆ ಹೇಳಬೇಕು, ಅವರೇ ಆಡಿದ ಮಾತನ್ನು ‘ಎಂದರು’ ಹಾಕಿ ಹೇಗೆ ದಾಖಲಿಸಬೇಕು. ಅರ್ಧ ಗಂಟೆಯ ನಂತರ ಅದೇ ಹಾಳೆಯಲ್ಲಿ ಹೀಗಿತ್ತು: ‘8:15ಕ್ಕೆ ಅರ್ಧ ತಟ್ಟೆ ಊಟ ಮಾಡಿದರು. 150 ಮಿ.ಲೀ. ನೀರು ಕುಡಿದರು. ಬಲಗೈ ಎತ್ತುವಾಗ ನೋಯುತ್ತದೆ ಎಂದರು.’ ನಮ್ಮಲ್ಲಿ ಯಾರೊಬ್ಬರೇ ಇದ್ದಿದ್ದರೂ ಆ ಮೂರು ಸಾಲು ಬರುತ್ತಿರಲಿಲ್ಲ.

ಇದು ಆ ಕ್ಷಣಕ್ಕೆ ಹೊಳೆದದ್ದಲ್ಲ. ಹಿಂದಿನ ವಾರ ನಾವಿಬ್ಬರೂ ಒಂದು ಗಂಟೆ ಕುಳಿತು, ಭರ್ತಿ ಮಾಡಿದ ಹಳೆಯ ವರದಿಗಳನ್ನು ಹೆಸರು ಅಳಿಸಿ ಮುಂದೆ ಹರಡಿಕೊಂಡಿದ್ದೆವು. ಕಲಿಯುವವರು ಎಡವುವ ಪದಗಳಿಗೆ ಒಂದು ಬಣ್ಣ, ಅಂಕಿಗಳಿಗೆ ಇನ್ನೊಂದು ಬಣ್ಣ. ಅದರಲ್ಲಿ ಒಂದೇ ಒಂದು ಕೆಲಸವನ್ನು ಆ ವಾರಕ್ಕೆ ಆರಿಸಿಕೊಂಡಿದ್ದೆವು. ಆ ಗಂಟೆಗೆ ಸಂಬಳವಿತ್ತು. ಸಂಬಳವಿಲ್ಲದ ಇನ್ನೊಂದು ಕೇಂದ್ರದಲ್ಲಿ ನಾನು ಜೋಡಿ ಬೋಧನೆ ಮಾಡಿದ್ದೇನೆ. ಮೊದಲ ತಿಂಗಳು ಉತ್ಸಾಹದಿಂದ ಸಂಜೆ ಕುಳಿತೆವು, ಎರಡನೆಯ ತಿಂಗಳು ಫೋನಿನಲ್ಲಿ ಮಾತಾಡಿಕೊಂಡೆವು, ಮೂರನೆಯ ತಿಂಗಳಿಗೆ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕಷ್ಟದ ಪದಗಳಿಗೆ ಅರ್ಥ ಹೇಳುವ ಸಹಾಯಕಿಯಾಗಿದ್ದೆ. ವೇಳಾಪಟ್ಟಿಯಲ್ಲಿ ಮಾತ್ರ ಇಬ್ಬರ ಹೆಸರೂ ಕೊನೆಯವರೆಗೆ ಇತ್ತು. ಜೋಡಿ ಬೋಧನೆ ಕೆಡುವುದು ಸಾಮಾನ್ಯವಾಗಿ ಹೀಗೆಯೇ. ಕೆಟ್ಟಾಗ ನಷ್ಟವಾಗುವುದು ಓದಿನ ಪಾಲೇ, ಏಕೆಂದರೆ ಕಸುಬಿನ ಪಾಠಕ್ಕೆ ಯಂತ್ರವಿದೆ, ಪರೀಕ್ಷೆಯ ದಿನಾಂಕವಿದೆ. ಓದಿಗೆ ಅದರ ಬೋಧಕರನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಒಬ್ಬರೇ ಎರಡನ್ನೂ ಕಲಿಸಿದರೆ?

ಖರ್ಚು ಉಳಿಸಲು ಬಹಳ ಕಡೆ ಇದನ್ನೇ ಮಾಡುತ್ತಾರೆ. ‘ಬೆಸುಗೆ ಕಲಿಸುವವರು ಲೆಕ್ಕವನ್ನೂ ಕಲಿಸಲಿ, ಅವರಿಗೆ ಗೊತ್ತಿದೆಯಲ್ಲ’ ಎನ್ನುತ್ತಾರೆ. ಗೊತ್ತಿರುವುದು ಬೇರೆ, ಕಲಿಸುವುದು ಬೇರೆ. ಇಂಗ್ಲೆಂಡಿನಲ್ಲಿ 79 ವೃತ್ತಿ ತರಬೇತಿಗಳನ್ನೂ ಅವುಗಳಲ್ಲಿದ್ದ ಸುಮಾರು 1,900 ಕಲಿಯುವವರನ್ನೂ ಗಮನಿಸಿ 2006ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಂಡವು. ಓದು, ಲೆಕ್ಕವನ್ನು ಕಸುಬಿನೊಳಗೆ ಚೆನ್ನಾಗಿ ಹೆಣೆದ ಕಡೆ ಕಲಿಯುವವರು ಹೆಚ್ಚು ಉಳಿದುಕೊಂಡರು, ಹೆಚ್ಚು ಪಾಸಾದರು. ಆದರೆ ಒಬ್ಬರ ಮೇಲೆಯೇ ಎರಡೂ ಹೊಣೆ ಹೊರಿಸಿದ ಕಡೆ ಓದು, ಲೆಕ್ಕದ ಪರೀಕ್ಷೆಗಳಲ್ಲಿ ಫೇಲಾಗುವ ಸಾಧ್ಯತೆ ಇಮ್ಮಡಿಯಾಯಿತು. ಎರಡರಲ್ಲೂ ತರಬೇತಿ ಪಡೆದ ಅಪರೂಪದ ಬೋಧಕರು ನಿಮ್ಮಲ್ಲಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಈ ದಾರಿ ಬೇಡ.

ಕೆಲಸದ ಜಾಗದಲ್ಲೇ ತರಗತಿ

ಪಾಳಿ ಮುಗಿದ ಕೂಡಲೇ ಅದೇ ಕಟ್ಟಡದಲ್ಲಿ ಪಾಠ, ಇನ್ನೂ ಒಳ್ಳೆಯದೆಂದರೆ ಪಾಳಿಯೊಳಗೇ ಪಾಠ. ಹಾಜರಾತಿಯ ತೊಂದರೆ ಬಹುಪಾಲು ಇಲ್ಲೇ ನೀಗುತ್ತದೆ, ಪಾಠದ ಸಾಮಗ್ರಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದನ್ನು ಮಾತ್ರ ಬರಹದಲ್ಲಿ ಖಚಿತಪಡಿಸಿಕೊಳ್ಳಿ: ಯಾರು ಓದಿನಲ್ಲಿ ಎಲ್ಲಿದ್ದಾರೆ ಎಂಬ ಅಂಕಗಳು ಮೇಲಧಿಕಾರಿಯ ಕೈಗೆ ಹೋಗಬಾರದು. ಹತ್ತು ವರ್ಷ ಓದು ಬರುವುದಿಲ್ಲ ಎಂಬುದನ್ನು ಬಚ್ಚಿಟ್ಟು ಕೆಲಸ ಮಾಡಿದವರು ಆ ಭಯವಿದ್ದರೆ ಬಾಗಿಲ ಒಳಗೇ ಬರುವುದಿಲ್ಲ.

ಕಸುಬಿಗೆ ಎಷ್ಟು ಅಂಟಿಕೊಳ್ಳಬೇಕು

ಯಾವ ಮಾದರಿ ಆರಿಸಿದರೂ ಈ ಪ್ರಶ್ನೆ ಬಿಡುವುದಿಲ್ಲ. 1965ರಲ್ಲಿ ಟೆಹರಾನ್‌ನಲ್ಲಿ ಸೇರಿದ ಶಿಕ್ಷಣ ಮಂತ್ರಿಗಳ ಜಾಗತಿಕ ಸಮ್ಮೇಳನದ ನಂತರ, ಅಕ್ಷರವನ್ನು ಉತ್ಪಾದನೆಯ ಕೆಲಸಕ್ಕೆ ಜೋಡಿಸುವ ಪ್ರಯೋಗವನ್ನು ಯುನೆಸ್ಕೊ 1967ರಿಂದ 1973ರವರೆಗೆ 11 ದೇಶಗಳಲ್ಲಿ ನಡೆಸಿತು. ಭಾರತ, ಇರಾನ್, ಮಾಲಿ, ತಾಂಜಾನಿಯ ಅವುಗಳಲ್ಲಿದ್ದವು. 1976ರಲ್ಲಿ ಬಂದ ಅದರ ವಿಮರ್ಶೆ ಪ್ರಾಮಾಣಿಕವಾಗಿತ್ತು: ಅಕ್ಷರವನ್ನು ಆರ್ಥಿಕ ಬೆಳವಣಿಗೆಯ ಸಾಧನವಾಗಿಯೇ ಹೆಚ್ಚಾಗಿ ನೋಡಿದ್ದರಿಂದ ಜನರ ಸಾಮಾಜಿಕ, ಸಾಂಸ್ಕೃತಿಕ, ರಾಜಕೀಯ ಬದುಕು ಪಾಠದಿಂದ ಹೊರಗೆ ಉಳಿದಿತ್ತು. ಅರ್ಧ ಶತಮಾನ ಕಳೆದ ಮೇಲೂ ನಾವು ಅದೇ ತಪ್ಪಿನ ಅಂಚಿನಲ್ಲಿ ನಡೆಯುತ್ತಿದ್ದೇವೆ. ಯಂತ್ರದ ಗುಂಡಿಗಳ ಹೆಸರು ಓದಲು ಕಲಿಸಿ, ತನ್ನದೇ ಕೆಲಸದ ಕರಾರುಪತ್ರ ಓದಲು ಕಲಿಸದಿದ್ದರೆ ಆ ಓದು ಯಾರ ಲಾಭಕ್ಕೆ?

ಅದಕ್ಕಾಗಿ ನಾನು ಒಂದು ಪಾಲು ಕಾದಿಡುತ್ತೇನೆ. ಓದಿನ ಪ್ರತಿ ಐದು ಗಂಟೆಯಲ್ಲಿ ಒಂದು ಗಂಟೆ ಆ ಕಸುಬಿನಿಂದ ಹೊರಗಿನದು: ಸಂಬಳದ ಚೀಟಿಯಲ್ಲಿನ ಕಡಿತಗಳು, ರಜೆಯ ನಿಯಮ, ಮಗುವಿನ ಶಾಲೆಗೊಂದು ಪತ್ರ, ಬರೀ ಖುಷಿಗೆ ಓದುವ ಒಂದು ಕಥೆ. ಕಲಿಯುವವರು ಎರಡು ವರ್ಷದಲ್ಲಿ ಆ ಕಸುಬನ್ನೇ ಬಿಡಬಹುದು. ಆಗ ಅವರ ಜೊತೆ ಹೋಗುವುದು ಈ ಗಂಟೆಗಳು.

ಹಾಗಾದರೆ ನಿಮಗೆ ಯಾವುದು?

ವಾರಕ್ಕೆ ಆರು ಗಂಟೆಗಿಂತ ಕಡಿಮೆ ಸಮಯವಿದ್ದರೆ ಜೋಡಿ ಬೋಧನೆಯ ಯೋಚನೆ ಬಿಡಿ; ಆ ಹೊತ್ತಿನಲ್ಲಿ ಕಸುಬೂ ಕಲಿತಂತಾಗುವುದಿಲ್ಲ, ಓದೂ. ಓದಿನ ತರಗತಿಯೊಳಗೆ ಕಸುಬನ್ನು ತನ್ನಿ. ಗುಂಪಿನಲ್ಲಿ ಒಬ್ಬೊಬ್ಬರ ಗುರಿ ಒಂದೊಂದಾಗಿದ್ದರೂ, ಒಬ್ಬರಿಗೆ ಆರೈಕೆ, ಒಬ್ಬರಿಗೆ ಚಾಲನೆ, ಇನ್ನೊಬ್ಬರಿಗೆ ಹೊಲಿಗೆ ಎಂದಿದ್ದರೂ ಅದೇ ಸರಿ; ಆದರೆ ಸಾಮಗ್ರಿಯನ್ನು ಒಂದೇ ಕಸುಬಿನಿಂದ ತರಬೇಡಿ. ಎಲ್ಲರೂ ಒಂದೇ ಕಸುಬಿಗೆ ಬಂದಿದ್ದು, ಸರಳ ವಾಕ್ಯ ಓದಬಲ್ಲರಾಗಿದ್ದು, ಬೋಧಕರ ತಯಾರಿಯ ಗಂಟೆಗೆ ಬಜೆಟ್‌ನಲ್ಲಿ ಜಾಗವಿದ್ದರೆ ಜೋಡಿ ಬೋಧನೆಗೆ ಧೈರ್ಯವಾಗಿ ಕೈಹಾಕಿ. ಓದಿನ ಪ್ರಗತಿಯನ್ನು ಕಸುಬಿನ ಪರೀಕ್ಷೆಯಿಂದ ಬೇರೆಯಾಗಿಯೇ ಅಳೆಯಿರಿ. ಇಲ್ಲವಾದರೆ ಎಲ್ಲರೂ ಪಾಸಾದರು ಎಂದು ಸಂತೋಷಪಡುವಾಗ, ಅವರಲ್ಲಿ ಅರ್ಧ ಮಂದಿ ಚೀಟಿಯನ್ನು ಓದದೆ ಡಬ್ಬಿಯ ಬಣ್ಣ ನೋಡಿ ಗುರುತಿಸುತ್ತಿದ್ದರು ಎಂಬುದು ನಿಮಗೆ ತಿಳಿಯುವುದೇ ಇಲ್ಲ.

ತರಗತಿ ನಡೆಸುವವರಲ್ಲ, ಸೇರಲು ಹೊರಟವರು ನೀವಾಗಿದ್ದರೆ, ಹೆಸರು ಬರೆಸುವ ದಿನ ಮೂರು ಮಾತು ಕೇಳಿ. ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ಯಾವುದು, ಅದನ್ನು ಎಲ್ಲೆಲ್ಲಿ ಒಪ್ಪುತ್ತಾರೆ? ಮಧ್ಯದಲ್ಲಿ ಎರಡು ವಾರ ಬರಲಾಗದಿದ್ದರೆ ಮತ್ತೆ ಸೇರಿಕೊಳ್ಳಲು ದಾರಿಯಿದೆಯೇ? ಇಬ್ಬರು ಬೋಧಕರೆಂದು ಹೇಳಿದರೆ, ಇಬ್ಬರೂ ಒಟ್ಟಿಗೆ ಇರುವ ಒಂದು ತರಗತಿಯನ್ನು ಕುಳಿತು ನೋಡಬಹುದೇ? ಮೂರನೆಯದಕ್ಕೆ ‘ಬನ್ನಿ, ನಾಳೆಯೇ ಇದೆ’ ಎಂಬ ಉತ್ತರ ಬಂದರೆ ಹೋಗಿ ಕುಳಿತುಕೊಳ್ಳಿ. ಓದಿನ ಬೋಧಕರು ಎಲ್ಲಿ ನಿಂತಿದ್ದಾರೆ ಎಂದು ನೋಡಿ: ಹಲಗೆಯ ಬಳಿಯೋ, ಹಿಂದಿನ ಬೆಂಚಿನಲ್ಲೋ.